ಐದು ಮಕ್ಕಳ ಫಾರಂ ಮತ್ತು ನಮ್ಮ ಮೇಸ್ತ್ರಮ್ಮ

ಮೇಸ್ತ್ರಮ್ಮನ ಕೊರಳಲ್ಲಿ ತಾಳಿಯ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆ ಕೊಯ್ಯುವ ಚಾಕು ನೇತಾಡುತ್ತಿತ್ತು. ಸೀರೆಯ ಮೇಲೆ ಗಂಡಸರ ದಪ್ಪ ಕೋಟು, ಕಾಲಿಗೆ ರಬ್ಬರ್ ಬೂಟು, ಹಣೆಯಲ್ಲಿ ಎಂಟಾಣೆ ಅಗಲದ ಕುಂಕುಮ. ಬಗ್ಗಿದಾಗ ಚಾಕು ತಾಳಿಗೆ ತಾಗಿ ಟಿಣ್ ಅನ್ನುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ನಾವು ಹರಟೆ ನಿಲ್ಲಿಸಿ ಕೈ ಚುರುಕು ಮಾಡುತ್ತಿದ್ದೆವು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಮೆರಿಕದ ಸೀಕಾಕಸ್ ಊರಿನ ಒಂದು ಗೋದಾಮಿನಲ್ಲಿ ಗಾಜಿನ ಲೋಟಗಳನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ. ಬೇಸಿಗೆಯಲ್ಲಿ ಹಳೆಯ ಹಂದಿ ಕೊಟ್ಟಿಗೆಗಳ ನಾತ ಒಳಗೇ ಬರುತ್ತಿತ್ತು. ನನ್ನ ಗಂಡ ಡ್ರಾಫ್ಟ್ಸ್‌ಮನ್. ಜರ್ಸಿ ಸಿಟಿಯಲ್ಲಿ ನಮಗೆ ಒಂದೇ ಕೋಣೆ. ಎರಡು ಮಕ್ಕಳನ್ನು ಮದ್ದೂರಿನಲ್ಲಿ ವಾರಗಿತ್ತಿಯ ಹತ್ತಿರ ಬಿಟ್ಟು ಬಂದಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನಲ್ಲಿ ‘ಯೆಸ್’ ಬರುತ್ತಿತ್ತು, ‘ನೋ’ ಹೇಳುವ ಧೈರ್ಯ ಇರಲಿಲ್ಲ.

ಮೇಸ್ತ್ರಮ್ಮ ಹುಬ್ಬಳ್ಳಿ ಕಡೆಯವರು. ನನಗಿಂತ ಐದು ವರ್ಷ ಮೊದಲೇ ಬಂದು, ನಮ್ಮ ಲೈನಿಗೇ ಮೇಸ್ತ್ರಿ ಆಗಿದ್ದರು. ಮೊದಲ ದಿನ ನಾನು ಆರು ಲೋಟ ಒಡೆದೆ. ಅವರು ಬಂದು ನನ್ನ ಕೈ ಸಡಿಲಿಸಿ, “ಮೆಲ್ಲಕ ಹಿಡಿಯವ್ವಾ, ಅದೇನು ನಿಮ್ಮತ್ತಿ ಕುತ್ತಿಗಿ ಅಲ್ಲ” ಅಂದರು. ಅಮೆರಿಕಕ್ಕೆ ಬಂದು ನಾನು ಮೊದಲ ಸಲ ನಕ್ಕಿದ್ದು ಅವತ್ತು.

ಊಟದ ಹೊತ್ತಿನಲ್ಲಿ ಅವರು ಕೂರುತ್ತಿರಲಿಲ್ಲ. ಜೋಳದ ಹಿಟ್ಟು ಸಿಗದೆ ಮೆಕ್ಕೆಜೋಳದ ಹಿಟ್ಟಿನಲ್ಲೇ ರೊಟ್ಟಿ ಬಡಿದು ತರುತ್ತಿದ್ದರು. ಶೇಂಗಾ ಚಟ್ನಿ ಸವರಿ ಪೋರ್ಚುಗಲ್‌ನವಳಿಗೆ ಒಂದು, ಹೈಟಿಯವಳಿಗೆ ಒಂದು, ನನಗೊಂದು ಕೊಟ್ಟು, ತಾವು ನಿಂತೇ ತಿನ್ನುವುದು. ಯಾರನ್ನೂ ಹೊಗಳಿದ್ದು ನಾನು ಕೇಳಿಲ್ಲ. ಯಾರಾದರೂ ಮೂಲೆಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರೆ ಮಾತ್ರ, “ಅಳಬ್ಯಾಡ, ಬಾಯಿ ಬಿಟ್ಟು ಕೇಳು” ಅನ್ನುತ್ತಿದ್ದರು.

ಒಂದು ವರ್ಷ ಗೋದಾಮಿನವರು ಹೊಸ ಫಾರಂ ಕೊಟ್ಟರು. ಕೆಲಸದವರಿಗೆ ತಲಾ ಮಗುವಿಗೆ ಇಷ್ಟು ಅಂತ ತಿಂಗಳು ತಿಂಗಳು ಭತ್ಯೆ. ಮಕ್ಕಳ ಹೆಸರು, ಹುಟ್ಟಿದ ದಿನ, ಇರುವ ಊರು ಬರೆಯಬೇಕು. ನಮ್ಮ ಮೇಲಿನ ಮನೆಯ ಎಂಜಿನಿಯರ್ ಅಂಕಲ್, “ಇಲ್ಲೇ ಇದ್ದಾರೆ ಅಂತ ಬರೆದುಬಿಡಿ, ಯಾರು ಚೆಕ್ ಮಾಡ್ತಾರೆ?” ಅಂದರು. ಅಷ್ಟು ಓದಿದವರು ಹೇಳಿದರಲ್ಲ ಅಂತ ಮೇಸ್ತ್ರಮ್ಮನ್ನ ಕೇಳಿದೆ.

“ಮಕ್ಕಳು ಎಲ್ಲದಾವು?”

“ಮದ್ದೂರಲ್ಲಿ.”

“ಹಂಗಾರ ಮದ್ದೂರಂತ ಬರಿ. ಸುಳ್ಳು ಬರದು ಇಸಕೊಂಡ್ರ ಅದು ಭಿಕ್ಷಾ.”

ಮದ್ದೂರು ಅಂತಲೇ ಬರೆದೆ. ಹೆಸರು ಮಾತ್ರ ಐದು ಬರೆದೆ. ವಾರಗಿತ್ತಿಯ ಮೂರು, ನನ್ನ ಎರಡು. ನಮ್ಮ ಮನೆಯಲ್ಲಿ ನಿನ್ನವು ನನ್ನವು ಅಂತ ಮಕ್ಕಳನ್ನು ಬೇರೆ ಮಾಡಿ ಎಣಿಸುವ ಪದ್ಧತಿ ಇರಲಿಲ್ಲ. ಎಷ್ಟು ಮಕ್ಕಳಮ್ಮಾ ಅಂದರೆ ಆಕೆಯೂ ಐದು ಅನ್ನುವಳು, ನಾನೂ ಐದು ಅನ್ನುವೆ. ಎರಡು ಅಂದಿದ್ದರೆ ಅತ್ತೆ ಬಾಯಿಗೆ ಹೊಡೆಯುತ್ತಿದ್ದರು. ನನ್ನವೆರಡಕ್ಕೂ ದಿನಾ ಕೈತುತ್ತು ಹಾಕುತ್ತಿದ್ದವಳು ಆಕೆ. ಅವಳವನ್ನು ಬಿಡಲು ನನಗೆ ಹೊಳೆಯಲೇ ಇಲ್ಲ. ಫಾರಂ ಯಾರಿಗೂ ತೋರಿಸದೆ ಕೊಟ್ಟುಬಿಟ್ಟೆ.

ನವೆಂಬರಿನಲ್ಲಿ ಮ್ಯಾನೇಜರ್ ಕರೆಸಿದ. ಎರಡನೇ ಮಗುವಿಗೂ ಮೂರನೆಯದಕ್ಕೂ ನಾಲ್ಕೇ ತಿಂಗಳು ಅಂತರ ಅಂತ ಹುಟ್ಟಿದ ದಿನಗಳ ಮೇಲೆ ಪೆನ್ಸಿಲ್ ಕುಟ್ಟಿ ತೋರಿಸಿ, ಪಕ್ಕದ ಗುಮಾಸ್ತನ ಮುಖ ನೋಡಿ ನಕ್ಕ. ಆಮೇಲೆ ನಗು ನಿಲ್ಲಿಸಿದ. ಶುಕ್ರವಾರಕ್ಕೆ ನಿನ್ನ ಕೆಲಸ ಮುಗಿಯಿತು ಅಂದ. ಅಷ್ಟಕ್ಕೇ ಬಿಡಲಿಲ್ಲ. ಬೇರೆ ದೇಶದ ಕಾಗದ ನಂಬುವ ಹಾಗಿಲ್ಲ, ಮಕ್ಕಳನ್ನು ಅಲ್ಲಿ ಬಿಟ್ಟು ಬಂದ ಯಾರಿಗೂ ಭತ್ಯೆ ಇಲ್ಲ ಅಂತ ಗೋಡೆಗೆ ಚೀಟಿ ಅಂಟಿಸಿದ.

ಅಂಥವರು ಹನ್ನೊಂದು ಹೆಂಗಸರಿದ್ದರು. ಪೋರ್ಚುಗಲ್‌ನವಳ ಮೂರು ಮಕ್ಕಳು ಅವಳ ತಾಯಿಯ ಹತ್ತಿರ ಇದ್ದವು. ಅವತ್ತು ಅವಳು ನನ್ನ ಪಕ್ಕ ನಿಲ್ಲಲಿಲ್ಲ. ತಪ್ಪು ಅನ್ನಲಾರೆ. ನನ್ನಿಂದ ಅವಳ ಮಕ್ಕಳ ಬಾಯಿಗೂ ಮಣ್ಣು ಬಿದ್ದಿತ್ತು.

ಮೇಸ್ತ್ರಮ್ಮ ಚೀಟಿ ಓದಿ, ಗುಮಾಸ್ತನಿಂದ ನಡೆದದ್ದೆಲ್ಲ ತಿಳಿದುಕೊಂಡು ನೇರ ನನ್ನ ಹತ್ತಿರ ಬಂದರು. “ತಲಿ ಐತೇನು ನಿನಗ? ಮನ್ಯಾಗಿನ ಲೆಕ್ಕ ಆಫೀಸಿಗೆ ತರ್ತಾರೇನ? ಕೇಳಾಕ ನಾ ಸತ್ತಿದ್ನೇನು?” ನಾನು ಅತ್ತುಬಿಟ್ಟೆ. “ಮೊದಲ ಕಣ್ಣ ಒರಸು. ಲೋಟ ತೊಯ್ತಾವ” ಅಂದು, ಹೋಗಿ ಪೆಟ್ಟಿಗೆ ಸಾಗಿಸುವ ಬೆಲ್ಟಿನ ಕೆಂಪು ಗುಂಡಿ ಒತ್ತಿದರು.

ಬೆಲ್ಟು ನಿಂತಿತು. ಹೊರಗೆ ಕ್ರಿಸ್‌ಮಸ್ ಮಾಲಿಗೆ ಟ್ರಕ್ಕುಗಳು ಸಾಲಾಗಿ ಕಾಯುತ್ತಿದ್ದವು. ಮೇಸ್ತ್ರಮ್ಮ ಕೈಗವಸು ಕಳಚಿ ಮೇಜಿನ ಮೇಲಿಟ್ಟರು. ಹೈಟಿಯವಳು ಇಟ್ಟಳು, ಪೋರ್ಚುಗಲ್‌ನವಳು ಇಟ್ಟಳು, ಆಮೇಲೆ ಲೈನಿಗೆ ಲೈನೇ ಇಟ್ಟಿತು. ಮ್ಯಾನೇಜರ್ ಓಡಿ ಬಂದ.

ಮೇಸ್ತ್ರಮ್ಮನ ಇಂಗ್ಲಿಷಿನಲ್ಲಿ ಅರ್ಧ ಕನ್ನಡವೇ. ಆದರೂ ಅವನಿಗೆ ಎಲ್ಲ ತಿಳಿಯಿತು. ಇವಳ ಮೂರು ಹೆಸರು ಹೊಡೆದುಹಾಕು, ಅದು ಇವಳ ತಪ್ಪು. ಎರಡು ಉಳಿಸು, ಮಿಕ್ಕವರದ್ದು ಮುಟ್ಟಬೇಡ ಅಂದರು. ಮಕ್ಕಳು ಎಲ್ಲಿ ಮಲಗುತ್ತಾರೆ ಅಂತ ಕೇಳಿಯಾ ಕೆಲಸ ಕೊಟ್ಟಿದ್ದು ಅಂದರು. ಅವನು, ಆ ದೇಶಗಳಲ್ಲಿ ಮಕ್ಕಳನ್ನು ಸಾಕುವುದು ಅಗ್ಗ, ಇಲ್ಲಿಯ ಭತ್ಯೆ ಅವಕ್ಕೇಕೆ ಅಂದ.

“ಅಗ್ಗ ಅಂತನs ಅಲ್ಲಿ ಬಿಟ್ಟು ಬಂದಾರ. ನೀ ಕೊಡೋ ಪಗಾರದಾಗ ಇಲ್ಲಿ ಸಾಕಾಕ ಆಕ್ಕಿತ್ತೇನು?”

ಅವನ ಮುಖ ಕೆಂಪಾಯಿತು. ನಿನಗೆ ಮಕ್ಕಳೇ ಇಲ್ಲವಲ್ಲ, ನಿನಗೆ ಯಾಕೆ ಬೇಕು ಈ ಉಸಾಬರಿ ಅಂದ.

ಇದೇ ಮಾತನ್ನು ಊರಿನವರು ಅವರಿಗೆ ಎಷ್ಟು ಸಲ ಅಂದಿದ್ದರೋ. ತಲೆ ತಗ್ಗಿಸುತ್ತಾರೆ ಅಂದುಕೊಂಡೆ. ಅವರು ಕೋಟಿನ ಗುಂಡಿ ಹಾಕಿಕೊಂಡು, “ಮಕ್ಕಳಿಲ್ಲ ಖರೆ. ಬಾಯಿ ಐತಿ” ಅಂದರು. ಅದನ್ನೇ ಇಂಗ್ಲಿಷಿನಲ್ಲೂ ಹೇಳಿದರು.

ಮಧ್ಯಾಹ್ನದ ತನಕ ಹಾಗೇ ನಿಂತೆವು. ಟ್ರಕ್ಕಿನವರು ಹಾರ್ನ್ ಹೊಡೆದೂ ಹೊಡೆದೂ ಸಾಕಾದರು. ಕೊನೆಗೆ ಮ್ಯಾನೇಜರ್ ಮಾಲೀಕರಿಗೆ ಫೋನ್ ಮಾಡಿ ಬಂದು ಚೀಟಿ ಕಿತ್ತ. ಊರಿನ ಹೆಡ್‌ಮಾಸ್ಟರ ಕಾಗದ ತರಿಸಿದರೆ, ಮಕ್ಕಳು ಯಾವ ದೇಶದಲ್ಲಿದ್ದರೂ ಭತ್ಯೆ ಅಂದ. ನನ್ನ ಕೆಲಸ ಉಳಿಯಿತು, ಎರಡು ಹೆಸರೂ ಉಳಿದವು. ಎರಡು ಹೆಸರಿಗೆ ಬಂದದ್ದು ಮದ್ದೂರಿನಲ್ಲಿ ಐದು ತಟ್ಟೆಗೂ ಹೋಯಿತು. ಅದನ್ನು ಕೇಳುವ ಹಕ್ಕು ಮ್ಯಾನೇಜರನಿಗಿರಲಿಲ್ಲ.

ಮರುವಾರವೇ ಮೇಸ್ತ್ರಮ್ಮನ ಮೇಸ್ತ್ರಿಕೆ ಕಿತ್ತುಕೊಂಡರು. ಟ್ರಕ್ಕು ತುಂಬುವ ಬಾಗಿಲಲ್ಲಿ ಹಾಕಿದರು. ಚಳಿಗಾಲ ಪೂರ್ತಿ ಆ ಬಾಗಿಲು ತೆರೆದೇ ಇರುತ್ತದೆ, ಗಾಳಿ ಮೂಳೆಗೇ ಬರುತ್ತದೆ. ನಾನು ಹೋಗಿ ಕೈ ಹಿಡಿದು, “ನನ್ನಿಂದ ಹೀಗಾಯ್ತು ಅಕ್ಕಾ” ಅಂದೆ. ಕೈ ಕೊಸರಿಕೊಂಡರು.

“ನಿನ್ನ ಸಲುವಾಗಿ ನಿಂತೀನಂತ ಬೀಗಬ್ಯಾಡ. ಅಂವ ನಕ್ಕಿದ್ದು ನನಗ ಸೇರಲಿಲ್ಲ. ಹೋಗು, ಬೆಲ್ಟ್ ಓಡಾಕತ್ತೈತಿ.”

ಎರಡನೇ ಚಳಿಗಾಲದಲ್ಲಿ ಅವರ ಎದೆಗೆ ಕಫ ಕಟ್ಟಿತು. ರಜೆ ಹಾಕಿ ಅಂದರೆ ಕೇಳಲಿಲ್ಲ. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಹೆಣ ಇಟ್ಟಿದ್ದ ಕಡೆ ಗೋದಾಮಿನಿಂದ ದೊಡ್ಡ ಹೂವಿನ ಚಕ್ರ ಬಂದಿತ್ತು, ಮೇಲೆ ಮ್ಯಾನೇಜರನ ರುಜು. ನಾನು ಮೇಸ್ತ್ರಮ್ಮನ ಗಂಡನನ್ನು ಒಂದು ಮಾತು ಕೇಳಿ, ಆ ಹೂವಿನ ಚಕ್ರವನ್ನು ಎತ್ತಿಕೊಂಡು ಬಂದೆ.

ಬೆಳಿಗ್ಗೆ ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ಮ್ಯಾನೇಜರನ ಮೇಜಿನ ಮೇಲೆ, ಅವನ ಕಾಗದಗಳ ಮೇಲೇ ಅದನ್ನು ಇಟ್ಟೆ. ಏನಿದು ಅಂದ. ಅಲ್ಲಿಯವರೆಗೆ ಅವನ ಹತ್ತಿರ ನನ್ನ ಪರವಾಗಿ ಮಾತಾಡಿದ್ದೆಲ್ಲ ಅವರೇ. ಅವತ್ತು ನಾನೇ ಅಂದೆ.

“ನೋ ಫ್ಲವರ್. ಯೂ ಟೇಕ್ ಹರ್ ಜಾಬ್. ಫಸ್ಟ್ ಗಿವ್ ಬ್ಯಾಕ್ ಹರ್ ಜಾಬ್.”

ನಾನು ಹೋಗಿ ಲೈನಿನಲ್ಲಿ ನಿಂತೆ. ಪೋರ್ಚುಗಲ್‌ನವಳು ಸರಿದು ಜಾಗ ಮಾಡಿಕೊಟ್ಟಳು.