ಸರ್ಕಾರದ ಹೊಲ ನೋಡಿ ಬಂದ ಗೌಡರು

ಸರ್ಕಾರದ ಉಳಿತಾಯ ಪತ್ರ ಮಾರಲು ಸಿಂಗಟಗೆರೆಗೆ ಹೋಗಿದ್ದೆ. "ಅಣೆಕಟ್ಟು ಕಟ್ಟೋಕೆ ಸರ್ಕಾರ ಜನರ ಹತ್ರ ಸಾಲ ಕೇಳ್ತಿದೆ, ಗೌಡ್ರೇ" ಅಂದೆ.

ಜಗಲಿ ಮೇಲಿದ್ದ ಮುದುಕ ಗೌಡರು ಒಪ್ಪಲಿಲ್ಲ. "ಸಾಲ ಕೇಳಿದೋನ ಹೊಲ, ಎತ್ತು ನೋಡ್ದೆ ನಾವು ಕೊಡಲ್ಲ ಕಣಪ್ಪಾ. ನಿಮ್ ಸರ್ಕಾರದ ಹೊಲ ತೋರ್ಸು."

ನನಗೆ ಕಮಿಷನ್ ಆಸೆ. ಮಾರನೇ ದಿನ ಬಸ್ಸು ಹತ್ತಿಸಿ, ತರೀಕೆರೆ ದಾಟಿ ಲಕ್ಕವಳ್ಳಿಗೆ ಕರೆದೊಯ್ದೆ. ಅಣೆಕಟ್ಟೆಯ ಮೇಲೆ ಇರುವೆಗಳ ಹಾಗೆ ದುಡಿಯುತ್ತಿದ್ದ ಜನರನ್ನು ಗೌಡರು ಬಹಳ ಹೊತ್ತು ನೋಡಿದರು. ಕಲ್ಲು ಹೊರುತ್ತಿದ್ದ ಒಬ್ಬಳನ್ನು ನಿಲ್ಲಿಸಿ, "ಕೂಲಿ ಸರ್ಯಾಗಿ ಕೊಡ್ತಾರೇನವ್ವಾ?" ಅಂತ ಕೇಳಿದರು.

"ವಾರವಾರ ಕೊಡ್ತಾರೆ" ಅಂದಳು.

"ಈ ಸರ್ಕಾರದೋನು ಕೂತು ತಿನ್ನೋನಲ್ಲ, ಸಾಲ ಕೊಡಬೌದು" ಎಂದು ಗೌಡರು ಅಲ್ಲೇ ಸೊಂಟದ ಚೀಲ ಬಿಚ್ಚಿದರು.

ಆಮೇಲೆ ಕಡೂರು ಸಂತೆಯಲ್ಲಿ ಎಷ್ಟೋ ಸಲ ಸಿಕ್ಕರು. ನನ್ನ ಯೋಗಕ್ಷೇಮ ಒಮ್ಮೆಯೂ ಕೇಳಲಿಲ್ಲ. "ನಮ್ ಸರ್ಕಾರ ಗಟ್ಟಿಮುಟ್ಟಾಗೈತೇನಪ್ಪಾ?" ಅಂತಷ್ಟೇ ಕೇಳುತ್ತಿದ್ದರು.