ಗೂಟಕ್ಕೆ ತೂಗಿದ ಪಿತ್ತದ ಚೀಲ

ಶರಣ ಬಂಧುಗಳೇ, ತಾಂಬಾದಿಂದ ನಿಮ್ಮ ತಂಗಿಯ ನಮಸ್ಕಾರ. ಬರೆಯಲು ಕುಳಿತರೆ ಈಗಲೂ ಮನಸ್ಸು ಮರಗಟ್ಟುತ್ತದೆ. ಆದರೂ ಬರೆಯುತ್ತೇನೆ, ಪಿತ್ತ ಇಳಿಸಲು ನಳಿಕೆ ಹಾಕಿಸಿಕೊಂಡವರು ನಿಮ್ಮ ಮನೆಯಲ್ಲೂ ಇದ್ದಾರು.

ಹೋದ ಶ್ರಾವಣದ ಹೊತ್ತಿಗೆ ನಮ್ಮ ಯಜಮಾನರಿಗೆ ಕಾಮಾಲೆಯಾಯಿತು. ಪಿತ್ತನಾಳ ಕಟ್ಟಿದೆ ಎಂದು ವಿಜಯಪುರದ ಡಾಕ್ಟರರು ಪಕ್ಕೆಯಲ್ಲಿ ನಳಿಕೆ ಇಳಿಸಿ, ಪಿತ್ತ ಹೊರಗಿನ ಚೀಲಕ್ಕೆ ಬೀಳುವಂತೆ ಮಾಡಿ ಮನೆಗೆ ಕಳಿಸಿದರು.

"ಚೀಲ ಯಾವಾಗ್ಲೂ ಟೊಂಕದ ಕೆಳಗ ಇರ್ಲಿ. ಚಳಿಜ್ವರ ಬಂದ್ರ ಒಂದು ದಿನಾನೂ ತಡೀಬ್ಯಾಡ್ರಿ" ಎಂದಿದ್ದರು.

ಎಲ್ಲ ಹೊತ್ತೂ ಹಾಗೇ ಇತ್ತು, ಲಿಂಗಪೂಜೆಯ ಹೊತ್ತೊಂದು ಬಿಟ್ಟು. ಪೂಜೆಗೆ ನೆಲದ ಮೇಲೆ ಕುಳಿತಾಗ ಯಜಮಾನರು ಚೀಲವನ್ನು ಬೆನ್ನ ಹಿಂದಿನ ಗೋಡೆಯ ಗೂಟಕ್ಕೆ, ತಮ್ಮ ತಲೆಗಿಂತ ಮೇಲೆ, ತೂಗಿಬಿಡುತ್ತಿದ್ದರು.

"ಡಾಕ್ಟರ್ ಬ್ಯಾಡ ಅಂದಾರಲ್ರಿ" ಎಂದೆ.

"ಲಿಂಗದ ಮುಂದ ಈ ಹೊಲಸು ಇಟಗೊಂಡು ಕೂಡ್ಲೇನ? ಪೂಜಾ ಮುಗಿಯೂತನಕ ಅಷ್ಟ."

ಅವರ ಭಕ್ತಿಗೆ ಎದುರಾಡುವವರು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ಆಮೇಲೆ ಊಟ ಬಿಟ್ಟರು, ಹಗಲಲ್ಲೇ ಹೊದ್ದು ಮಲಗತೊಡಗಿದರು. ಹಣೆ ಮುಟ್ಟಲು ಹೋದರೆ "ಆರಾಮ ಅದೀನಿ" ಎಂದು ಕೈ ತಳ್ಳುತ್ತಿದ್ದರು. ಮತ್ತೆ ದವಾಖಾನೆಗೆ ಒಯ್ದಾರೆಂಬ ಅಂಜಿಕೆ.

ಒಂದು ಸೋಮವಾರ ಬೆಳಿಗ್ಗೆ ಪೂಜೆಯಲ್ಲಿ ಅವರ ಎಡಗೈ ಗಡಗಡ ನಡುಗಿತು. ಅಂಗೈಯಲ್ಲಿದ್ದ ಲಿಂಗ ವಾಲಿತು. ಲಿಂಗ ನೆಲಕ್ಕೆ ಬಿದ್ದರೆ ಗತಿಯೇನು! ಓಡಿಹೋಗಿ ಅವರ ಕೈಯ ಕೆಳಗೆ ನನ್ನ ಕೈ ಒಡ್ಡಿದೆ. ಲಿಂಗ ಬೀಳಲಿಲ್ಲ. ಆದರೆ ಅವರ ಕೈ ಕಾದ ಹಂಚಿನಂತೆ ಸುಡುತ್ತಿತ್ತು.

ಮಗ್ಗುಲ ಮನೆಯ ದಸ್ತಗೀರ್ ನಿಂಬೆಕಾಯಿ ತುಂಬಿಕೊಂಡು ಇಂಡಿ ಸಂತೆಗೆ ಹೊರಟಿದ್ದ. "ನಿಂಬಿಕಾಯಿ ನಾಳೆ ಮಾರತಾವ, ಹತ್ರಿ ವೈನಿ" ಎಂದು ಟೆಂಪೊವನ್ನು ವಿಜಯಪುರದ ಕಡೆ ತಿರುಗಿಸಿದ. ದಾರಿಯುದ್ದಕ್ಕೂ ಯಜಮಾನರು ಏನೇನೋ ಬಡಬಡಿಸಿದರು. ನನಗೆ ಅಳುವೂ ಬರಲಿಲ್ಲ.

ಡಾಕ್ಟರರು ಗೂಟದ ಸುದ್ದಿ ಕೇಳಿ ಹಣೆ ಒತ್ತಿಕೊಂಡರು. "ಚೀಲ ಮ್ಯಾಲೆ ಹ್ವಾದ್ರ ಅದರಾಗಿನ ಪಿತ್ತ ನಂಜು ತಗೊಂಡು ತಿರುಗಿ ಒಳಗ ಹೋಗ್ತೈತ್ರಿ. ನಂಜು ರಕ್ತಕ್ಕ ಏರೇತಿ. ಸಂಜೀತನಕ ತಡದಿದ್ರ ನಮ್ಮ ಕೈಯಾಗೂ ಇರ್ತಿದ್ದಿಲ್ಲ."

ಒಳಗೆ ಒಯ್ಯುವಾಗ ನರ್ಸಮ್ಮ, ಹೊರಡುವಾಗ ನಾನು ಅವರ ಕೊರಳಿಗೆ ಕಟ್ಟಿದ್ದ ಲಿಂಗ ತೆಗೆದು ನನಗೆ ಕೊಟ್ಟಳು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಹೊರಗೆ ಕುಳಿತೆ. ಪ್ರಾರ್ಥಿಸೋಣವೆಂದರೆ ಒಂದು ಮಾತೂ ನೆನಪಾಗಲಿಲ್ಲ. "ಉಳಿಸಪ್ಪಾ" ಎಂದು ಕೂಡ ಅನ್ನಲಾಗಲಿಲ್ಲ. ಯಾರೋ ಚಹಾ ಕೊಟ್ಟರು, ಅದು ಆರಿಹೋಯಿತು. ನಾನು ಸುಮ್ಮನೆ ಕೈ ಒಡ್ಡಿಕೊಂಡಿದ್ದೆ, ಅಷ್ಟೇ.

ನಳಿಕೆ ಬದಲಿಸಿದರು, ಸಲೈನಿನಲ್ಲಿ ಔಷಧ ಬಿಟ್ಟರು. ಎರಡು ದಿನ ಡಾಕ್ಟರರು ಉಳಿಯುವ ಭರವಸೆ ಕೊಡಲಿಲ್ಲ. ಮೂರನೆಯ ದಿನ ಜ್ವರ ಇಳಿಯಿತು. ಯಜಮಾನರು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಲಿಂಗ ಬಿತ್ತೇನ?"

"ಬಿದ್ದಿಲ್ರಿ. ನಿಮ್ಮನ್ನೂ ಬೀಳಗೊಟ್ಟಿಲ್ಲ" ಎಂದೆ. ಆಗ ನನಗೆ ಅಳು ಬಂತು.

ಆ ದಿನ ಅಂಗೈಯ ಲಿಂಗದೇವ ವಾಲದೇ ಇದ್ದಿದ್ದರೆ ಯಜಮಾನರ ಆ ಸುಡುವ ಕೈಯನ್ನು ನಾನು ಮುಟ್ಟುತ್ತಿರಲಿಲ್ಲ. ಕೇಳಲು ನನಗೆ ಬಾಯಿ ಬರುವ ಮೊದಲೇ ಅವನು ಕೊಟ್ಟಿದ್ದ. ಇದಕ್ಕೆ ಕೃಪೆ ಎನ್ನದೆ ಏನೆನ್ನಲಿ?

ಗೂಟ ಕಿತ್ತು ಹಾಕಿದ್ದೇವೆ. ಯಜಮಾನರು ಈಗ ಮಂಚದ ಮೇಲೆ ಕುಳಿತು ಪೂಜೆ ಮಾಡುತ್ತಾರೆ, ಚೀಲ ಕೆಳಗೆ ತೂಗುತ್ತಿರುತ್ತದೆ. "ಅಂವಗ ಮೈಲಿಗಿ ಇರಲಿಲ್ಲ, ನನಗ ಇತ್ತು" ಎನ್ನುತ್ತಾರೆ. ನಾನು ದಿನಾಲೂ ಅವರ ಕೈಯ ಕೆಳಗೆ ಕೈ ಒಡ್ಡುತ್ತೇನೆ. ತಣ್ಣಗಿದ್ದರೆ ಅಂದಿನ ನನ್ನ ಪೂಜೆ ಮುಗಿದಂತೆ.