ಕೆನ್ನೆಯ ಅಸ್ತರ್

ದರ್ಜಿಯ ಗಂಟಲಿಗೆ ಹತ್ತು ಸಲ ರೇಡಿಯೇಷನ್ ಎಂದು ತೀರ್ಮಾನವಾಯಿತು. ಗೆಡ್ಡೆ ಹೋಗುವುದಿಲ್ಲ, ನೋವು ತಗ್ಗಬಹುದು, ನಾಲ್ಕು ಗುಟುಕು ಚಹಾ ನುಂಗುವಂತಾಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಎರಡು ತಿಂಗಳಿಂದ ಮೂಗಿನ ನಳಿಗೆಯಲ್ಲೇ ಊಟ ಮಾಡುತ್ತಿದ್ದವನಿಗೆ ಆ ನಾಲ್ಕು ಗುಟುಕು ಸಾಕಿತ್ತು.

ತಲೆ ಅಲುಗದಿರಲೆಂದು ಬಲೆಯಂಥ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿಗೆ ಅದ್ದಿ, ಮುಖಕ್ಕೆ ಒತ್ತಿ ಮುಖವಾಡ ಮಾಡಿದರು. ನಲವತ್ತು ವರ್ಷ ಊರಿನ ಮೈ ಅಳೆದವನು ಅಲುಗದೆ ಮಲಗಿದ್ದ. ಆಮೇಲೆ ದಿನವೂ ಅದನ್ನು ತೊಡಿಸಿ, ಮೇಜಿಗೆ ಬಿಗಿದು, ಬಾಗಿಲು ಮುಚ್ಚಿಕೊಂಡು ಹೋಗುವರು. ಯಂತ್ರ ಗುಂಯ್‌ಗುಡುವುದು. ಅವನು ಏನನ್ನೂ ಯೋಚಿಸುತ್ತಿರಲಿಲ್ಲ.

ನಾಲ್ಕನೆಯ ದಿನ ಮುಖವಾಡದೊಳಗೆ ಕೆನ್ನೆಯ ಬಳಿ ಗಾಳಿಯಾಡಿತು. ಮುಖ ಇಳಿದುಹೋಗಿತ್ತು. ಅಳತೆ ಕೆಟ್ಟ ಬಟ್ಟೆಯನ್ನು ಗಿರಾಕಿಗಳು ಅಂಗಡಿಯಲ್ಲೇ ಬಿಟ್ಟುಹೋಗುವುದನ್ನು ಎಷ್ಟೋ ಸಲ ಕಂಡವನು. ಆಸ್ಪತ್ರೆಯವರೂ ತನ್ನನ್ನು ಹಾಗೇ ಬಿಟ್ಟಾರು ಎಂದುಕೊಂಡ.

ಮಾರನೆಯ ಬೆಳಿಗ್ಗೆ ಮೆತ್ತನೆಯ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಸುತ್ತ ಕೈಹೊಲಿಗೆ ಹಾಕಿ, ಬಾಯೊಳಗೆ ದವಡೆಗೂ ಕೆನ್ನೆಗೂ ನಡುವೆ ಇಟ್ಟುಕೊಂಡ.

"ಏನ್ರೀ, ಕೆನ್ನೆ ತುಂಬ್ಕೊಂಡಿದೆ? ಹೆಣ್ಣು ನೋಡೋಕೆ ಹೊರಟ ಹಾಗಿದೆ," ಅಂದಳು ಹೆಂಡತಿ. ಅವನು ಚಪ್ಪಲಿ ಮೆಟ್ಟಿಕೊಂಡ.

ಯಂತ್ರ ಶುರುವಾಗುವ ಮುಂಚೆ ತೆಗೆದ ಸ್ಕ್ಯಾನ್ ಚಿತ್ರದಲ್ಲಿ ಬಟ್ಟೆ ಕಂಡಿತು. ಟೆಕ್ನಿಷಿಯನ್ ಹುಡುಗಿ ಓಡಿಬಂದು ಮುಖವಾಡ ಬಿಚ್ಚಿ, ಬಾಯಿ ತೆಗೆಸಿ, ಚಿಮಟದಲ್ಲಿ ಅದನ್ನು ಎಳೆದಳು.

"ಏನಜ್ಜ ಇದು?"

"ಅಸ್ತರ್. ಕೋಟಿಗೆ ಒಳಗಡೆ ಕೊಡ್ತೀವಲ್ಲ, ಅದು."

"ಜಾರಿ ಗಂಟಲಿಗೆ ಸಿಕ್ಕಿದ್ರೆ? ಕಟ್ಟಿಹಾಕಿರ್ತೀವಿ, ಕೆಮ್ಮೋಕೂ ಆಗಲ್ಲ."

"ಹೊಲಿಗೆ ಬಿಚ್ಚಲ್ಲಮ್ಮ."

"ಹೊಲಿಗೆ ಚೆನ್ನಾಗೇ ಇದೆ. ಸಡಿಲ ಆಗಿದೆ ಅಂತ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಲ್ಲಿಸ್ತೀರಿ ಅಂದ್ಕೊಂಡೆ."

ಅವಳು ಆ ಒದ್ದೆ ತುಂಡನ್ನು ತಟ್ಟೆಗೆ ಹಾಕಿದಳು. "ಬೇರೆ ಮುಖವಾಡ ಮಾಡ್ತೀವಿ, ಅಷ್ಟೇ. ಎರಡು ದಿನ ತಡ ಆಗುತ್ತೆ."

ಬಿಸಿ ಹಾಳೆ ಮತ್ತೆ ಮುಖಕ್ಕೆ ಇಳಿಯುವ ಮೊದಲು ಅವನು ಕೈ ಎತ್ತಿದ. "ಒಂಚೂರು ಬಿಗಿ ಮಾಡು ತಾಯಿ. ಇನ್ನೂ ಇಳಿದ್ರೂ ಮುಂದಕ್ಕೆ ಆಗುತ್ತೆ." ಬೆಳೆಯುವ ಮಕ್ಕಳ ಅಂಗಿಗೆ ಯಾವಾಗಲೂ ಒಳಮಡಿಕೆಯಲ್ಲಿ ಬಟ್ಟೆ ಬಿಡುತ್ತಿದ್ದವನು ಅವನು.

"ಇವತ್ತಿನ ಮುಖಕ್ಕೇ ಮಾಡ್ಬೇಕಜ್ಜ," ಅಂದಳು.

ಹತ್ತೂ ಮುಗಿದವು. ಮೂರು ವಾರ ಕಳೆದು, ಡಾಕ್ಟರು ಒಪ್ಪಿದ ಮೇಲೆ, ಹೆಂಡತಿ ಆರಿದ ಚಹಾವನ್ನು ಒಂದು ಚಮಚ ಬಾಯಿಗಿಟ್ಟಳು. ಅವನು ಕಣ್ಣುಮುಚ್ಚಿ ಉರಿಗಾಗಿ ಕಾದ. ಉರಿ ಬರಲಿಲ್ಲ.

"ಸಕ್ಕರೆ ಸಾಕಾ?"

"ರುಚಿ ಗೊತ್ತಾಗ್ಲಿಲ್ಲ," ಅಂದ. "ಒಳಗೆ ಹೋಯ್ತು."

ಅವಳು ಎರಡನೆಯ ಚಮಚ ಎತ್ತಿದಳು.